ಬೆಟ್ಟದ ಮೇಲಿನ ಕೋಣೆಯ ಬಿಸಿ

ನಮ್ಮ ಕಾರ್ಖಾನೆಯಲ್ಲಿ ಪೋಸ್ಟ್‌ಮಾಸ್ಟರ್ ಎಂದರೆ ಎಲ್ಲರಿಗೂ ಗೊತ್ತು. ಅಂಚೆ ಕಚೇರಿಗೂ ಅವನಿಗೂ ಯಾವ ನಂಟೂ ಇಲ್ಲ. ಜನ್ಮದಲ್ಲಿ ಒಂದು ಸ್ಟಾಂಪು ಅಂಟಿಸಿದ್ದಾನೋ ಇಲ್ಲವೋ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ಮಾಡುವುದು ವಿಳಾಸ ಹಂಚುವ ಕೆಲಸವೇ ಆದ್ದರಿಂದ ಆ ಹೆಸರು ಅವನಿಗೆ ಅಂಟಿಕೊಂಡಿತು. ಇಟ್ಟವಳು ನಾನೇ. ಪರೀಕ್ಷೆಯ ಮೇಜು ನನ್ನದು. ಅವನ ಕುರ್ಚಿಗೆ ಬೆನ್ನು ಹಾಕಿ ಇಷ್ಟು ವರ್ಷ ಕೂತ ಮೇಲೆ ಒಂದು ಅಡ್ಡಹೆಸರಿಡುವ ಹಕ್ಕಾದರೂ ನನಗಿರಬೇಡವೇ?

ಅವನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾವು ಮಾಡುವುದು ಫೋನು ಮುಟ್ಟದ ದೂರದ ಜಾಗಗಳಲ್ಲಿ ಗಾಳಿ, ಮಳೆ, ಹಿಮ ಅಳೆಯುವ ಪೆಟ್ಟಿಗೆಗಳನ್ನು. ಪೆಟ್ಟಿಗೆಯೊಳಗೆ ಒಂದು ದೊಡ್ಡ ಬೋರ್ಡು ಇರುತ್ತದೆ. ಅದಕ್ಕೆ ಗಾಳಿಗೊಂದು, ಹಿಮಕ್ಕೊಂದು, ಬ್ಯಾಟರಿಗೊಂದು ಎಂದು ಬೇಕುಬೇಕಾದ ಚಿಕ್ಕ ಕಾರ್ಡುಗಳನ್ನು ಸಿಕ್ಕಿಸುತ್ತೇವೆ. ಎಲ್ಲವೂ ಜೋತುಬಿದ್ದಿರುವುದು ಒಂದೇ ಜೋಡಿ ತಂತಿಗೆ. ಆ ಜೋಡಿಯನ್ನು ನಮ್ಮವರು ಬಸ್ಸು ಎನ್ನುತ್ತಾರೆ. ಈ ಚಿಕ್ಕ ಕಾರ್ಡುಗಳದ್ದು ಸಂಕೋಚದ ಸ್ವಭಾವ. ತಾವಾಗಿ ಬಂದು ನಾನಿದ್ದೇನೆ ಎನ್ನುವ ಜಾತಿಯಲ್ಲ, ವಿಳಾಸ ಹಿಡಿದು ಕೂಗಿದರೆ ಮಾತ್ರ ಓಗೊಡುತ್ತವೆ. ಹಾಗಾಗಿ ಯಾವ ಕಾರ್ಡು ಯಾವ ಬಸ್ಸಿನಲ್ಲಿ ಯಾವ ವಿಳಾಸದಲ್ಲಿದೆ, ಅದನ್ನು ಹೇಗೆ ಮಾತಾಡಿಸಬೇಕು ಎಂದೆಲ್ಲ ವಿವರವಾಗಿ ಬರೆದು ದೊಡ್ಡ ಬೋರ್ಡಿಗೆ ಮೊದಲೇ ಕೊಡಬೇಕು. ಬರೆಯದಿದ್ದರೆ ಕಾರ್ಡು ಕಣ್ಣೆದುರಿಗಿದ್ದರೂ ಬೋರ್ಡಿನ ಪಾಲಿಗೆ ಇಲ್ಲ. ಒಂದೇ ವಿಳಾಸ ಇಬ್ಬರಿಗೆ ಬಿತ್ತೋ, ಸಂತೆಯಲ್ಲಿ ನಿಂತು 'ಅಣ್ಣಾ' ಎಂದು ಕೂಗಿದ ಹಾಗೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಯಾರ ಮಾತೂ ತಿಳಿಯುವುದಿಲ್ಲ. ಈ ವಿವರಣೆ ಬರೆಯುವವನೇ ನಮ್ಮ ಪೋಸ್ಟ್‌ಮಾಸ್ಟರ್. ಅವನು ಬರೆದದ್ದರಲ್ಲಿ ನನ್ನ ಮೇಜು ತಪ್ಪು ಹಿಡಿದದ್ದು ಅಪರೂಪ. ಹಿಡಿದ ದಿನ ನಾನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ ಎನ್ನುವುದು ಬೇರೆ ಮಾತು.

ಇಷ್ಟು ಅಚ್ಚುಕಟ್ಟಾದ ಮನುಷ್ಯನ ಸಂಸಾರ ಮಾತ್ರ ಎರಡು ಕಡೆ ಹಂಚಿಹೋಗಿತ್ತು. ಅವನ ಹೆಂಡತಿ ಬೆಟ್ಟದ ತುದಿಯ ಹವಾಮಾನ ಠಾಣೆಯ ಉಸ್ತುವಾರಿ. ಅಲ್ಲಿರುವವಳು ಅವಳೊಬ್ಬಳೇ. ಚಳಿಗಾಲ ಶುರುವಾದರೆ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತದೆ, ಮತ್ತೆ ತೆರೆಯುವುದು ಹಿಮ ಕರಗಿದಾಗಲೇ. ಅಲ್ಲಿ ಕೆಲಸ ಮಾಡಬೇಕೆಂಬುದು ಅವಳಿಗೆ ಮದುವೆಗೂ ಮುಂಚಿನ ಆಸೆ. ಆದೇಶ ಕೈಗೆ ಬಂದಾಗ ಇವನು 'ಹೋಗು' ಎಂದ. ಅದು ಬಾಯಿಮಾತು, ಹೊಟ್ಟೆಯಲ್ಲಿದ್ದದ್ದೇ ಬೇರೆ. ಒಂದು ಚಳಿಗಾಲ ಕಳೆದರೆ ಬಂದುಬಿಡುತ್ತಾಳೆ ಎಂದುಕೊಂಡಿದ್ದ. ಬೇಸಿಗೆಯಲ್ಲಿ ಅವಳ ಜಾಗಕ್ಕೆ ಬರಬೇಕಿದ್ದವನು ಕಾಲು ಮುರಿದುಕೊಂಡ. ಅವಳು ಇಳಿಯಲಿಲ್ಲ, ಮೇಲೆ ಹೋಗುವ ಸಾಮಾನಿನ ವಾಹನದಲ್ಲಿ ಹೊರಗಿನವರಿಗೆ ಜಾಗವಿಲ್ಲ. ಇನ್ನೊಂದು ಚಳಿಗಾಲ ತಲೆಯ ಮೇಲೆ ಬಂದು ಕೂತಿತು.

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅವರದು. ನಾನು ಎಷ್ಟೋ ಸಲ ಹೋಗಿದ್ದೇನೆ. ಅವಳಿದ್ದಾಗ ಆ ಮನೆಯಲ್ಲಿ ಮಾತೆಲ್ಲ ಅವಳದು, 'ಹೂಂ' ಮಾತ್ರ ಇವನದು. ಪಾತ್ರೆ ತೊಳೆಯುತ್ತಾ, ಕೂದಲು ಬಾಚುತ್ತಾ, ಕಿಟಕಿಯಿಂದ ಬಗ್ಗಿ ಬೀದಿಯವರೊಂದಿಗೆ ಹರಟುತ್ತಾ ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಈಗ ಹೋದರೆ ಕೆಳಗಿನ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಠಾಣೆಯಿಂದ ಬರುವ ಸಂಪರ್ಕದಲ್ಲಿ ಅಂಕಿಗಳು ಬರುತ್ತವೆ, ಜೊತೆಗೆ ಒಂದೆರಡು ಸಾಲು ಬರಹ ಬರುತ್ತದೆ, ಅಷ್ಟೇ. ಅಪಾಯಕ್ಕೆ ಬೇರೆಯೇ ಒಂದು ಕೆಂಪು ಗುಂಡಿ ಇದೆ, ಅದರಲ್ಲೂ ಮಾತಿಲ್ಲ. ಅಷ್ಟು ಮಾತುಗಾತಿ ಬರಹಕ್ಕೆ ಬಂದರೆ ಮಹಾ ಜಿಪುಣಿ. 'ಎಲ್ಲ ಸರಿ. ಗಾಳಿ ಜೋರು' ಎಂದು ಬರೆದರೆ ಅವತ್ತಿನ ಮಾತು ಮುಗಿಯಿತು. ಅವನ ಫೋನಿನಲ್ಲಿ ಅವಳ ದನಿ ಉಳಿದಿದ್ದುದು ಒಂದೇ ಒಂದು ಸಂದೇಶದಲ್ಲಿ, 'ಬರುವಾಗ ಬಲ್ಬು ತನ್ನಿ' ಎಂದು. ಅದನ್ನು ಹಾಕಿಕೊಂಡು ಕೇಳುತ್ತಾ ಕೂತಿದ್ದವನನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ.

"ಅವಳು ಏನ್ ಹೇಳ್ತಿದ್ಳು ಅನ್ನೋದು ನೆನಪಿದೆ ಅಕ್ಕ," ಎಂದ. "ಹೇಗೆ ಹೇಳ್ತಿದ್ಳು ಅನ್ನೋದು ಮರೆತು ಹೋಗ್ತಾ ಇದೆ."

ಅವಳು ಹೊರಡುವ ಮುಂಚೆ ಅವನು ಒಂದು ಕಳ್ಳಕೆಲಸ ಮಾಡಿದ್ದ. ಠಾಣೆಗೆ ಹೋಗಬೇಕಿದ್ದ ಪೆಟ್ಟಿಗೆಯಲ್ಲಿ ಒಂದು ಜಾಗ ಖಾಲಿ ಇತ್ತು. ಅದರಲ್ಲಿ ಬಿಸಿ ಅಳೆಯುವ ಸಣ್ಣ ಕಾರ್ಡೊಂದನ್ನು ಸಿಕ್ಕಿಸಿ, ಅದರ ಉದ್ದನೆಯ ತಂತಿಯನ್ನು ಅವಳ ಮಲಗುವ ಕೋಣೆಗೆ ಎಳೆದುಕೊಳ್ಳಲು ಹೇಳಿಕೊಟ್ಟ. ಕಂಪನಿಯ ಪಟ್ಟಿಯಲ್ಲಿ ಆ ಕಾರ್ಡು ಇಲ್ಲ. ಅದಕ್ಕೆಂದು ಬೇರೆಯೇ ಒಂದು ಪುಟ್ಟ ವಿವರಣೆ ಬರೆದು ಪಕ್ಕದಲ್ಲಿ ಸೇರಿಸಿಬಿಟ್ಟ. ಅಂದಿನಿಂದ ಗಾಳಿ, ಹಿಮದ ಅಂಕಿಗಳ ಬಾಲಕ್ಕೆ ಕೋಣೆಯ ಅಂಕಿಯೂ ಬರತೊಡಗಿತು. ಲೋಕಕ್ಕೆಲ್ಲ ಬೆಟ್ಟದ ಹವಾಮಾನ ಬೇಕು, ಇವನಿಗೆ ಮಾತ್ರ ಕೋಣೆಯದು. ಬೆಳಿಗ್ಗೆ ಬಂದವನೇ ಪರದೆಯ ಮುಂದೆ ನಿಲ್ಲುತ್ತಿದ್ದ. ರಾತ್ರಿಯೆಲ್ಲ ತಣ್ಣಗಿದ್ದ ಕೋಣೆಯ ಅಂಕಿ ಮೆಲ್ಲಗೆ ಏರಲು ಶುರುವಾದರೆ ಅವಳು ಎದ್ದು ಒಲೆ ಹಚ್ಚಿದಳೆಂದು ಲೆಕ್ಕ. "ಎದ್ದಳು" ಎಂದು ನಮಗೆಲ್ಲ ಸಾರಿ, ಟೀ ಲೋಟ ಹಿಡಿದು ಹೋಗುತ್ತಿದ್ದ. ಏರುವುದು ಸ್ವಲ್ಪ ತಡವಾದರೆ ಟೀಯೂ ಇಲ್ಲ, ಕೆಲಸವೂ ಇಲ್ಲ, ಸುತ್ತ ಕೂತ ನಮಗೆ ನೆಮ್ಮದಿಯೂ ಇಲ್ಲ.

ನಾನು ಅವನನ್ನು ಕಾಡಿಸುತ್ತಿದ್ದೆ. ನಮ್ಮನೆಯವರ ದನಿ ದಿನವೂ ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ, ಒಂದು ಚಳಿಗಾಲಕ್ಕೆ ಅವರನ್ನೂ ಆ ಬೆಟ್ಟ ಹತ್ತಿಸಿಬಿಡು, ನಿನಗೆ ಪುಣ್ಯ ಬರುತ್ತದೆ ಎನ್ನುತ್ತಿದ್ದೆ. ಅವನು ನಗುತ್ತಿದ್ದ. ಆದರೆ ನಗು ಕಣ್ಣಿಗೆ ಹತ್ತುತ್ತಿರಲಿಲ್ಲ. ನನಗೆ ಅವನನ್ನು ಕಂಡರೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರುಕ್ಕೆನ್ನುತ್ತಿತ್ತು.

ಹೀಗಿರುವಾಗ ನಮ್ಮ ಮಾಲೀಕರು ಮಾತಿನ ಕಾರ್ಡು ಮಾಡಿಸಿದರು. ದನಿಯನ್ನು ಹಿಂಡಿ ಸಣ್ಣದು ಮಾಡಿ, ಅಂಕಿ ಹೋಗಿಬರುವ ಆ ಬಡಕಲು ಸಂಪರ್ಕದಲ್ಲೇ ದಾಟಿಸುವ ಕಾರ್ಡು. ಮೊದಲು ಯಾವ ಠಾಣೆಯಲ್ಲಿ ಪರೀಕ್ಷಿಸೋಣ ಎಂದು ಅವರು ಕೇಳಿ ಬಾಯಿ ಮುಚ್ಚುವ ಮುಂಚೆ ನಾವೆಲ್ಲ ಒಂದೇ ಉಸಿರಿಗೆ ಆ ಬೆಟ್ಟದ ಹೆಸರು ಹೇಳಿದೆವು. ಪೋಸ್ಟ್‌ಮಾಸ್ಟರ್ ಮಾತ್ರ ತಲೆ ತಗ್ಗಿಸಿಕೊಂಡಿದ್ದ, ಕಿವಿ ಕೆಂಪಗಾಗಿತ್ತು.

ದಾರಿ ಮುಚ್ಚುವ ಮುಂಚಿನ ಕೊನೆಯ ವಾಹನ ಹೊರಡುವುದರಲ್ಲಿತ್ತು. ಅವನು ಊಟ ನಿದ್ದೆ ಬಿಟ್ಟು ವಿವರಣೆ ಬರೆದ. ಆ ಠಾಣೆಯ ಪಟ್ಟಿ ತೆಗೆದು, ಅದರಲ್ಲಿದ್ದ ಒಂದೊಂದು ಕಾರ್ಡನ್ನೂ ನನ್ನ ಮೇಜಿನ ಮೇಲೆ ಜೋಡಿಸಿ, ಮಾತಿನ ಕಾರ್ಡನ್ನೂ ಸಿಕ್ಕಿಸಿ ಪರೀಕ್ಷಿಸಿದೆವು. ಯಾರ ವಿಳಾಸವೂ ಯಾರಿಗೂ ಅಡ್ಡ ಬರಲಿಲ್ಲ. ನಾನು ಇತ್ತ ಹಲೋ ಎಂದರೆ ಅತ್ತ ಗೋದಾಮಿನಲ್ಲಿ ಹಲೋ ಎಂದು ಕೇಳಿಸಿತು. ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ ದಿನ ಅವನು ಬೀದಿಯ ತಿರುವಿನವರೆಗೂ ವಾಹನದ ಹಿಂದೆ ನಡೆದುಹೋಗಿ ಬಂದ.

ವಾಹನ ಹತ್ತಿತು, ಸಾಮಾನು ಇಳಿಸಿತು, ಹಿಂದಿರುಗಿತು. ಅದರ ಬೆನ್ನಿಗೇ ಹಿಮ ಬಿದ್ದು ದಾರಿ ಮುಚ್ಚಿತು. ಮರುದಿನ ಬೆಳಿಗ್ಗೆ ಪರದೆಯ ಮುಂದೆ ನಿಂತವನು ಎಂದಿನಂತೆ ಸಾರಲಿಲ್ಲ. ನಾನು ತಿರುಗಿ ನೋಡಿದರೆ ಮುಖದಲ್ಲಿ ರಕ್ತವಿಲ್ಲ. ಕೋಣೆಯ ಅಂಕಿ ಒಮ್ಮೆ ಕುದಿಯುವ ನೀರಿನಷ್ಟು ಬಿಸಿ, ಮರುಸಲ ಮಂಜುಗಡ್ಡೆಗಿಂತ ತಣ್ಣಗೆ. ಬೆಂಕಿ ಬಿದ್ದಿದೆ ಎಂದೇ ಅವನು ತಿಳಿದ. ಏನಾಯಿತೆಂದು ಬರೆದು ಕಳಿಸಿ, ಉತ್ತರ ಬರುವವರೆಗೆ ಮೇಜಿನ ಅಂಚು ಹಿಡಿದು ನಿಂತ. ಉತ್ತರ ಬಂತು: 'ಬೆಂಕಿ ಇಲ್ಲ. ಹೊಸ ಕಾರ್ಡು ಹಾಕಿದೆ. ಮಾತು ಬರ್ತಿಲ್ಲ.'

ಅವನು ಕುರ್ಚಿಯಲ್ಲಿ ಕುಸಿದು ಹಣೆ ಚಚ್ಚಿಕೊಂಡ. ನನಗೂ ಆಗಲೇ ಹೊಳೆದದ್ದು. ಕೋಣೆಯ ಕಾರ್ಡು! ಅದು ಪಟ್ಟಿಯಲ್ಲಿರಲಿಲ್ಲ, ನಾವು ಪರೀಕ್ಷಿಸಿದ್ದು ಪಟ್ಟಿ ಹಿಡಿದು. ಮಾತಿನ ಕಾರ್ಡೂ ಅದೂ ಒಂದೇ ವಿಳಾಸದವು. ಈಗ ದೊಡ್ಡ ಬೋರ್ಡು ಆ ವಿಳಾಸ ಕರೆದರೆ ಇಬ್ಬರೂ ಒಟ್ಟಿಗೆ ಒದರುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಯಿತು. ಯಾವ ಅಂಕಿ ನೋಡದೆ ಅವನಿಗೆ ಬೆಳಗಾಗುತ್ತಿರಲಿಲ್ಲವೋ, ಅದು ಒಂದು ಕಾರ್ಡಿನಿಂದ ಬರುತ್ತದೆ ಎಂಬುದನ್ನೇ ಅವನು ಮರೆತಿದ್ದ. ಬೈಯಬೇಕೆಂದುಕೊಂಡೆ. ಆದರೆ ಏನೆಂದು ಬೈಯಲಿ? ಅವನ ಮನಸ್ಸಿನಲ್ಲಿ ಅದು ಕಾರ್ಡೇ ಆಗಿರಲಿಲ್ಲ, ಅವಳ ಕೋಣೆಯಾಗಿತ್ತು.

ಸುಲಭದ ದಾರಿಯೊಂದಿತ್ತು. ಅವಳು ಕೋಣೆಯ ಕಾರ್ಡನ್ನು ಕಿತ್ತು, ಅದರ ಪುಟ್ಟ ವಿವರಣೆಯನ್ನು ಅಳಿಸಿಬಿಟ್ಟರೆ ಸಾಕು, ವಿಳಾಸ ಖಾಲಿಯಾಗಿ ಮಾತಿನ ಕಾರ್ಡು ಎದ್ದು ಕೂರುತ್ತದೆ. ದನಿಯೇ ಬರುವಾಗ ಅಂಕಿ ಯಾರಿಗೆ ಬೇಕು? ಹಾಗೆ ಮಾಡು ಎಂದು ಅವಳಿಗೆ ಬರೆದ. ಅವಳ ಉತ್ತರ ನೋಡಿ ನಾವಿಬ್ಬರೂ ಮುಖಮುಖ ನೋಡಿಕೊಂಡೆವು: 'ಕೋಣೆ ಕಾರ್ಡು ತೆಗೆಯಲ್ಲ. ಬೇಕಾದ್ರೆ ಮಾತಿನದು ತೆಗೀತೀನಿ.'

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವತ್ತು ಅವನು ಊಟದ ಡಬ್ಬಿ ತೆರೆಯಲಿಲ್ಲ. ಎದ್ದುಹೋಗಿ ಮೆಟ್ಟಿಲ ಮೇಲೆ ಕೂತ. ಹಿಂದೆಯೇ ನಾನೂ ಹೋದೆ.

"ಅವಳಿಗೆ ನನ್ನ ಜೊತೆ ಮಾತು ಬೇಡ ಅಕ್ಕ," ಎಂದ. "ಅಲ್ಲೇ ಚೆನ್ನಾಗಿದ್ದಾಳೆ. ನಾನೇ ಇಲ್ಲಿ ಸುಮ್ಮನೆ ಕಾಯ್ತಾ ಇದ್ದೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ನೀನು ಬರೆದಿದ್ದೇನು ಅವಳಿಗೆ? ಇದನ್ನ ಕೀಳು, ಅದನ್ನ ಅಳಿಸು, ಬೋರ್ಡು ಆಫ್ ಮಾಡು. ಬೋರ್ಡಿಗಾದ್ರೆ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳ್ತೀಯ. ಹೆಂಡತಿಗೆ ಮಾತ್ರ ಹೇಳದೇನೇ ಗೊತ್ತಾಗ್ಬೇಕಾ? ನಿನ್ನ ದನಿ ಕೇಳ್ಬೇಕು ಅಂತ ಒಂದ್ಸಲನಾದ್ರೂ ಬರೆದಿದ್ದೀಯ?"

ಅವನು ಬರೆದಿರಲಿಲ್ಲ. ಎದ್ದು ಒಳಗೆ ಹೋಗಿ ಬರೆದ. ಅಷ್ಟೇ ಬರೆದ, ಹಿಂದೆ ಮುಂದೆ ಏನನ್ನೂ ಸೇರಿಸಲಿಲ್ಲ. ಆ ದಿನವೆಲ್ಲ ಉತ್ತರವಿಲ್ಲ. ಮರುದಿನ ಮಧ್ಯಾಹ್ನ ಬಂತು: 'ಎರಡೂ ಇರೋ ಹಾಗೆ ಮಾಡಿ.'

ಎರಡೂ ಇರುವ ಹಾಗೆ ಮಾಡುವುದು ಅಸಾಧ್ಯವೇನಲ್ಲ. ಮಾತಿನ ಕಾರ್ಡಿನ ಅಂಚಿನಲ್ಲಿ ಎರಡು ಸಣ್ಣ ಲೋಹದ ಕಡ್ಡಿಗಳಿವೆ. ಅವೆರಡನ್ನು ಒಂದು ತಂತಿಯಿಂದ ಸುತ್ತಿ ಸೇರಿಸಿದರೆ ಕಾರ್ಡಿನ ವಿಳಾಸ ಪಕ್ಕದ ಮನೆಗೆ ಸರಿಯುತ್ತದೆ. ಅದನ್ನು ಅವಳು ಮಾಡಬಲ್ಲಳು. ತೊಡಕಿದ್ದುದು ವಿವರಣೆಯಲ್ಲಿ. ಹೊಸ ವಿಳಾಸ ಬರೆದ ಹೊಸ ವಿವರಣೆಯನ್ನು ಸಂಪರ್ಕದಲ್ಲಿ ತುಂಡುತುಂಡಾಗಿ ಕಳಿಸಬೇಕು, ಹಳೆಯದರ ಜಾಗದಲ್ಲಿ ಕೂರಿಸಬೇಕು, ಬೋರ್ಡನ್ನು ಆರಿಸಿ ಹಚ್ಚಬೇಕು. ಬೋರ್ಡು ಕಣ್ಣು ಬಿಡುವಾಗ ಮೊದಲು ಓದುವುದೇ ಅದನ್ನು. ಅದರಲ್ಲಿ ಒಂದು ಅಕ್ಷರ ಎಡವಟ್ಟಾದರೂ ಬೋರ್ಡು ಏಳುವುದಿಲ್ಲ. ಆಮೇಲೆ ಗಾಳಿಯ ಅಂಕಿಯಿಲ್ಲ, ಕೋಣೆಯ ಅಂಕಿಯಿಲ್ಲ, 'ಎಲ್ಲ ಸರಿ' ಎಂಬ ಎರಡು ಪದವೂ ಇಲ್ಲ, ಹಿಮ ಕರಗಿ ದಾರಿ ತೆರೆಯುವವರೆಗೆ. ದನಿಯ ಆಸೆಗೆ ಇರುವುದನ್ನೂ ಕಳೆದುಕೊಳ್ಳುವ ಮಾತು. ಅವನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಮಾಲೀಕರನ್ನು ಕೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಠಾಣೆಯ ಹೊಣೆ ಅವಳದು, ಅವಳು ಒಪ್ಪಿದರೆ ಮಾಡು ಎಂದರು. ಅವಳಿಗೆ ಅಪಾಯವನ್ನೆಲ್ಲ ಬಿಡಿಸಿ ಬರೆದ. ಅವಳು 'ಮಾಡಿ' ಎಂದು ಒಂದೇ ಪದ ಕಳಿಸಿದಳು.

ಆಮೇಲೆ ಅವನನ್ನು ನೋಡಬೇಕಿತ್ತು. ಎಲ್ಲ ಕಾರ್ಡುಗಳನ್ನೂ ಮತ್ತೆ ನನ್ನ ಮೇಜಿಗೆ ತಂದ. ಈ ಸಲ ಎಲ್ಲಕ್ಕಿಂತ ಮೊದಲು ಸಿಕ್ಕಿಸಿದ್ದು ಕೋಣೆಯ ಕಾರ್ಡಿನಂಥದ್ದೇ ಇನ್ನೊಂದನ್ನು. ಅದರ ತಂತಿಯ ತುದಿಯನ್ನು ನನ್ನ ಅಂಗೈಯಲ್ಲಿಟ್ಟು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದ, ಅಂಕಿ ಏರುತ್ತದೋ ನೋಡಬೇಕಿತ್ತು. ಏರಿತು. ಮಾತಿನ ಕಾರ್ಡಿನ ಕಡ್ಡಿಗಳಿಗೆ ಒಂದು ಹಳೆಯ ತಂತಿಯ ಎಳೆ ಸುತ್ತಿದ. ಆಮೇಲೆ ಬೇಕೆಂದೇ ಅದನ್ನು ಸಡಿಲಿಸಿದ, ಬಿಚ್ಚಿದ, ತಪ್ಪು ಕಡ್ಡಿಗೆ ಸುತ್ತಿದ. ಅಷ್ಟು ಎತ್ತರದಲ್ಲಿ ಚಳಿಗೆ ಅವಳ ಬೆರಳು ಮರಗಟ್ಟಿ ಏನೇನು ತಪ್ಪಬಹುದೋ ಅದನ್ನೆಲ್ಲ ಇಲ್ಲಿ ತಾನೇ ತಪ್ಪಿ ನೋಡಿದ. ಬರೆದದ್ದನ್ನು ನನ್ನಿಂದ ಜೋರಾಗಿ ಓದಿಸಿದ. ನನಗೆ ಗಂಟಲು ಒಣಗಿತು. ಇನ್ನೊಂದು ಸಲ ಅಕ್ಕ, ಇನ್ನೊಂದು ಸಲ ಎನ್ನುತ್ತಲೇ ಇದ್ದ. ಪರೀಕ್ಷೆಯಲ್ಲಿ ಎಲ್ಲವೂ ಗೆದ್ದ ಮೇಲೂ ಕಳಿಸುವ ಗುಂಡಿ ಒತ್ತಲಾರದೆ ಅದೆಷ್ಟೋ ಹೊತ್ತು ಕೂತಿದ್ದ. ಕೊನೆಗೆ ನಾನೇ, ಒತ್ತುತ್ತೀಯೋ ನಾನು ಒತ್ತಲೋ ಎಂದು ಗದರಿದೆ.

ವಿವರಣೆ ಹೋಯಿತು. ಅವಳು ತಂತಿ ಸುತ್ತಿದ್ದೇನೆ, ಆರಿಸುತ್ತಿದ್ದೇನೆ ಎಂದು ಬರೆದಳು. ಪರದೆಯ ಅಂಕಿಗಳು ಒಂದೊಂದಾಗಿ ಮಾಯವಾಗಿ ಬರೀ ಗೆರೆಗಳು ಉಳಿದವು. ಹೊರಗೆ ಒಳ್ಳೆಯ ಬಿಸಿಲಿತ್ತು. ಯಾರೋ ಎದುರಿನ ಬೀದಿಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಕಾರ್ಖಾನೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದವರಂತೆ ನಟಿಸುತ್ತಿದ್ದರು. ನಾನು ದೇವರನ್ನು ಅಷ್ಟಾಗಿ ಕಾಡುವವಳಲ್ಲ. ಅವತ್ತು ಕಾಡಿದೆ. ಅವನ ಬೆನ್ನು ನೋಡುತ್ತಾ, ಈ ಮನುಷ್ಯನ ಪರದೆ ಹೀಗೇ ಖಾಲಿ ಉಳಿದರೆ ಚಳಿಗಾಲವೆಲ್ಲ ಇವನನ್ನು ಹೇಗಪ್ಪ ನೋಡಲಿ ಎಂದು ಕೇಳಿಕೊಂಡೆ.

ಮೊದಲು ಬಂದದ್ದು ಬ್ಯಾಟರಿಯ ಅಂಕಿ. ಬೋರ್ಡು ಎದ್ದಿತ್ತು. ಆಮೇಲೆ ಗಾಳಿ, ಆಮೇಲೆ ಹಿಮ. ಸ್ವಲ್ಪ ಬಿಟ್ಟು ಕೋಣೆಯದು ಬಂತು, ಸರಿಯಾದ ಅಂಕಿ, ಒಲೆ ಹಚ್ಚಿದ ಕೋಣೆಯ ಅಂಕಿ. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ಮೇಲೆ ನನ್ನ ಮೇಜಿನ ಸ್ಪೀಕರಿನಲ್ಲಿ ಜರಜರ ಸದ್ದಾಯಿತು, ಗಾಳಿ ಬೀಸಿದ ಹಾಗೆ. ಅದರ ಹಿಂದಿನಿಂದ ಒಂದು ದನಿ.

"ಕೇಳಿಸ್ತಾ ಇದೆಯೇನ್ರೀ?"

ಇಷ್ಟು ಕಾಲ ಕಾದ ಮಹಾಶಯ ಮೈಕಿನ ಹತ್ತಿರ ಬಗ್ಗಿ ಹೇಳಿದ್ದು "ಹೂಂ" ಎಂದು. ಆ ಕಡೆ ಅವಳು ನಕ್ಕಳು. ನಗು ಬಾರದ ಬಾಯಿಗೆ ಹೊಸದಾಗಿ ಬಂದ ಹಾಗೆ ತಡೆತಡೆದು ಬಂತು. ಉಳಿದವರು ಒಬ್ಬೊಬ್ಬರಾಗಿ ಹೊರಗೆ ಹೋದರು. ನಾನೂ ಏಳಹೋದೆ. ಯಂತ್ರ ಏನಾದರೂ ಕೈಕೊಟ್ಟರೆ ಎಂಬ ಹೆದರಿಕೆಗೆ ಅವನು ನನ್ನ ಸೆರಗು ಹಿಡಿದು ಕೂರಿಸಿದ.

ಊಟವಾಯಿತೇ, ಹಿಮ ಎಷ್ಟು ಬಿದ್ದಿದೆ, ದರ್ಜಿಯ ಮೊಮ್ಮಗಳು ಹೇಗಿದ್ದಾಳೆ ಎಂದು ಮಾತಾಡಿದರು. ಆಮೇಲೆ ಅವನು ಕೇಳಲೇಬೇಕಾದ್ದನ್ನು ಕೇಳಿದ. ಆ ಕಾರ್ಡು ಯಾಕೆ ತೆಗೆಯಲ್ಲ ಅಂದೆ, ಎಷ್ಟು ಹೆದರಿದ್ದೆ ಗೊತ್ತಾ ಎಂದ.

"ಹೇಳ್ತೀನಿ, ಬೈಬೇಡಿ," ಎಂದಳು. "ನಾನು ಆ ಕೋಣೇಲಿ ಮಲಗೋದೇ ಇಲ್ಲ ಕಣ್ರೀ. ಹೋದ ಚಳಿಗಾಲದಿಂದಾನೂ ಇಲ್ಲ. ಅಲ್ಲಿ ಗೋಡೆಯೆಲ್ಲ ಹಿಮ ಕಟ್ಟುತ್ತೆ. ಬ್ಯಾಟರಿ ಕೋಣೇಲಿ ಮೂಲೆಗೆ ಹಾಸಿಗೆ ಹಾಕ್ಕೊಂಡಿದ್ದೀನಿ."

"ಮತ್ತೆ ಬೆಳಿಗ್ಗೆ ಒಲೆ?" ಎಂದ ಅವನು.

"ಬೆಳಿಗ್ಗೆ ಎದ್ದು, ಅಂಗಳದ ಹಿಮ ದಾಟಿ ಆ ಕೋಣೆಗೆ ಹೋಗಿ ಹಚ್ಚಿ ಬರ್ತೀನಿ. ನೀವು ನೋಡ್ತಾ ನಿಂತಿರ್ತೀರಲ್ಲ. ಕೆಲವು ದಿನ ಏಳೋಕೇ ಮನಸ್ಸಾಗಲ್ಲ ರೀ, ಏನಕ್ಕೆ ಏಳ್ಬೇಕು ಅನ್ಸುತ್ತೆ. ಆಗ ಅದೊಂದೇ ನನ್ನನ್ನ ಎಬ್ಸೋದು. ಅದನ್ನ ಕಿತ್ತು ಹಾಕು ಅಂತೀರಲ್ಲ."

ಪೋಸ್ಟ್‌ಮಾಸ್ಟರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇಷ್ಟು ದಿನ ಅವನು ಖಾಲಿ ಕೋಣೆಯೊಂದನ್ನು ಕಾಯುತ್ತಿದ್ದ, ಅವಳು ಅದೇ ಖಾಲಿ ಕೋಣೆಯನ್ನು ಅವನಿಗೋಸ್ಕರ ಬೆಚ್ಚಗಿಡುತ್ತಿದ್ದಳು. ಗಂಡಸು ಹಾಗೆ ಸದ್ದು ಮಾಡಿ ಅತ್ತದ್ದನ್ನು ನಾನು ಹತ್ತಿರದಿಂದ ಕಂಡವಳಲ್ಲ. ನನ್ನ ಕಣ್ಣೂ ತುಂಬಿತು. ಅವಳು ಹಲೋ ಹಲೋ ಎನ್ನುತ್ತಿದ್ದಳು. ನಾನು ಬಗ್ಗಿ, "ಅಳ್ತಾ ಇದ್ದಾನಮ್ಮ," ಎಂದೆ. "ಒಂದು ಗಳಿಗೆ ಮೈಕು ಆಫ್ ಮಾಡ್ತೀನಿ, ಸುಧಾರಿಸಿಕೊಳ್ಳಲಿ."

"ಬೇಡ ಅಕ್ಕ," ಎಂದಳು. "ಆಫ್ ಮಾಡ್ಬೇಡಿ. ಅಳಲಿ ಬಿಡಿ, ಕೇಳಿಸ್ಕೋತೀನಿ."